ಶುಕ್ರವಾರದವರು

ಮನೆ ಸಿಕ್ಕಿತು ಎಂದು ಯಜ್ಞೇಶ್ ಆಫೀಸಿನಿಂದ ಫೋನ್ ಮಾಡಿದಾಗ ಅಮಿತಾ ಕೇಳಿದ ಮೊದಲ ಪ್ರಶ್ನೆ, "ಅಡುಗೆಮನೆ ನಮಗೇ ಬೇರೆ ಉಂಟಾ?" ಎಂದು. ಅಲ್ಲಿ ಮೊದಲು ಯಾರಿದ್ದರು ಎಂದು ಅವಳು ಕೇಳಲಿಲ್ಲ. ಆ ದಿನಗಳಲ್ಲಿ ದೋಹಾದಲ್ಲಿ ಮನೆ ಹುಡುಕುವ ಯಾರೂ ಅಂಥ ಪ್ರಶ್ನೆ ಕೇಳುತ್ತಿರಲಿಲ್ಲ.

ಅದು ಎರಡು ಸಾವಿರದ ಎಂಟರ ಜೂನ್. ಬಿನ್ ಮಹಮೂದಿನಲ್ಲಿ ಅವರಿದ್ದ ಹಳೆಯ ಕಟ್ಟಡವನ್ನು ಕೆಡವುತ್ತಾರೆಂದು ನೋಟಿಸ್ ಬಂದಿತ್ತು. ಊರಿಡೀ ಬಾಡಿಗೆ ಏರಿದ್ದರಿಂದ ಅದೇ ಕಟ್ಟಡದ ಎಷ್ಟೋ ಗಂಡಸರು ಹೆಂಡತಿ ಮಕ್ಕಳನ್ನು ಊರಿಗೆ ಕಳಿಸಿ, ಬ್ಯಾಚುಲರ್ ರೂಮುಗಳಲ್ಲಿ ಒಂದೊಂದು ಮಂಚ ಹಿಡಿದಿದ್ದರು. ಅಮಿತಾಳಿಗೆ ಇದ್ದದ್ದು ಅದೊಂದೇ ಭಯ. ಊರು ಎಂದರೆ ಅವಳ ಪಾಲಿಗೆ ಸುರತ್ಕಲ್ಲಿನ ಭಾವನ ಮನೆ, ಅಲ್ಲಿ ಓರಗಿತ್ತಿಯ ಅಡುಗೆಮನೆ, ವರ್ಷಕ್ಕೊಮ್ಮೆ ಬರುವ ಗಂಡ. "ನಾನೂ ಗ್ರೀಷ್ಮಾಳೂ ಹೋಗುದಿಲ್ಲ. ತಗಡಿನ ಶೆಡ್ ಆದ್ರೂ ಸರಿ, ಇಲ್ಲೇ ಇರುದು" ಎಂದು ಗಂಡನಿಗೆ ಖಡಾಖಂಡಿತವಾಗಿ ಹೇಳಿದ್ದಳು.

ಸಿಕ್ಕಿದ್ದು ತಗಡಿನ ಶೆಡ್ ಅಲ್ಲ, ವಿಮಾನ ನಿಲ್ದಾಣದ ರಸ್ತೆಯ ಹಿಂದಿನ ಓಣಿಯೊಂದರಲ್ಲಿ ಹಳೆಯ ವಿಲ್ಲಾದ ಅರ್ಧ ಭಾಗ. ಒಂದು ಮಲಗುವ ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ದೊಡ್ಡ ಹಾಲ್. ಎಷ್ಟು ದೊಡ್ಡದೆಂದರೆ, ಅಮಿತಾ ತಂದ ಸೋಫಾ ಅದರ ಒಂದು ಮೂಲೆಯಲ್ಲಿ ಯಾರೋ ಮರೆತು ಹೋದ ಸಾಮಾನಿನ ಹಾಗೆ ಕಾಣುತ್ತಿತ್ತು. ಮನೆ ತೋರಿಸಿಕೊಟ್ಟವರು ಯಜ್ಞೇಶನ ಶಿಪ್ಪಿಂಗ್ ಆಫೀಸಿನ ಹಿರಿಯ ಸಹೋದ್ಯೋಗಿ, ಕುಲಶೇಖರದ ರೊನಾಲ್ಡ್.

"ನಮ್ಮದೇ ಇಗರ್ಜಿ ಆಗಿತ್ತು ಅದು," ಎಂದರು ರೊನಾಲ್ಡ್. "ಇಗರ್ಜಿ ಅಂತ ಬೋರ್ಡ್ ಎಂಥ ಇರ್ಲಿಲ್ಲ. ರಜೆ ದಿನ ಅಲ್ವಾ, ಶುಕ್ರವಾರ ಶುಕ್ರವಾರ ಪ್ರಾರ್ಥನೆಗೆ ಸೇರ್ತಿದ್ದೆವು, ಅಷ್ಟೇ. ಈಗ ಅಬು ಹಮೂರಿನಲ್ಲಿ ದೊಡ್ಡ ಇಗರ್ಜಿ ಆಯ್ತಲ್ಲ, ಎಲ್ಲ ಅಲ್ಲಿಗೆ ಶಿಫ್ಟ್. ಇದು ಮಾರ್ಚಿನಿಂದ ಖಾಲಿ ಬಿದ್ದಿದೆ."

ಯಜ್ಞೇಶ್ ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಸಾಮಾನು ಇಳಿಸಿದ ದಿನವೇ ಅವನ ತಾಯಿ ದುಗ್ಗು ಹಾಲಿನ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ, ಎದುರಿನ ಗೋಡೆಯನ್ನೇ ನೋಡಿದಳು. ಹೊಸ ಬಣ್ಣದ ಅಡಿಯಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ತೆಳುವಾಗಿ ಕಾಣುತ್ತಿತ್ತು.

"ಇಲ್ಲಿ ಪೊರ್ಬುಗಳ ದೇವರು ಇದ್ದದ್ದಾ ಮಗಾ?" ಎಂದಳು. ಊರಿನ ಕೊಂಕಣಿ ಕ್ರೈಸ್ತರು ಅವಳ ಬಾಯಲ್ಲಿ ಪೊರ್ಬುಗಳು.

"ಇದ್ದದ್ದು ಅಮ್ಮ. ಈಗ ಇಲ್ಲ."

"ದೇವರನ್ನು ತಕೊಂಡು ಹೋಗಿಯಾರು," ಎಂದಳು ದುಗ್ಗು. "ಉಳಿದವರು?"

"ಉಳಿದವರು ಯಾರು ಅತ್ತೆ?" ಎಂದು ಅಮಿತಾ ಅಡುಗೆಮನೆಯಿಂದಲೇ ಕೂಗಿದಳು. "ಉಳಿದದ್ದು ಆ ಫ್ರಿಜ್ಜು. ಅದನ್ನು ಒಳಗೆ ತರ್ಲಿಕ್ಕೆ ದಾರಿ ಬಿಡಿ."

ದುಗ್ಗು ಕತಾರಿಗೆ ಬಂದು ಆಗ ನಾಲ್ಕು ತಿಂಗಳಾಗಿತ್ತು. ಬಂದರಿನಲ್ಲಿ ಮೀನಿನ ಲಾರಿ ಓಡಿಸುತ್ತಿದ್ದ ಗಂಡ ಸೀನಪ್ಪ ಕಳೆದ ದೀಪಾವಳಿಯ ಹೊತ್ತಿಗೆ ತೀರಿಕೊಂಡಿದ್ದ. ಅತ್ತಾವರದ ಬಾಡಿಗೆ ಮನೆಯನ್ನು ಖಾಲಿ ಮಾಡಿ ಅವಳು ದೊಡ್ಡ ಮಗನ ಸುರತ್ಕಲ್ ಮನೆಗೆ ಹೋದಳು. ಅಲ್ಲಿ ದೊಡ್ಡ ಸೊಸೆಯ ಬಾಯಿಗೆ ಹೆದರಿ ಇಲ್ಲಿಗೆ ಬಂದಳು. ಸಣ್ಣ ಸೊಸೆಯ ಬಾಯಿಯೂ ಕಡಿಮೆಯದೇನಲ್ಲ. ಆದರೆ ಅಮಿತಾ ಬೈದ ಮೇಲೆ ಊಟಕ್ಕೆ ಕರೆಯುತ್ತಿದ್ದಳು. ಆ ವ್ಯತ್ಯಾಸ ದೊಡ್ಡದು.

ಸೀನಪ್ಪನಿಗೂ ಅಮಿತಾಳಿಗೂ ಮಾತ್ರ ಕೊನೆಯವರೆಗೂ ಸರಿಬರಲಿಲ್ಲ. ರಜೆಗೆ ಊರಿಗೆ ಹೋದಾಗಲೆಲ್ಲ ಅವಳು ಅಡುಗೆ ಮಾಡಿ ಬಡಿಸಿದರೆ, ಆತ ಒಂದು ತುತ್ತೂ ಬಾಯಿಗಿಡುವ ಮೊದಲೇ ಕೈ ಚಾಚಿ "ಉಪ್ಪು" ಎನ್ನುತ್ತಿದ್ದ. ಅವಳ ಮುಖವನ್ನೂ ನೋಡುತ್ತಿರಲಿಲ್ಲ. ರುಚಿ ನೋಡಿಯಾದರೂ ಕೇಳಬಾರದಾ ಎಂದು ಅವಳು ಅಡುಗೆಮನೆಯಲ್ಲಿ ಗೊಣಗುತ್ತಿದ್ದಳೇ ಹೊರತು ಎದುರಿಗೆ ಹೇಳಿದವಳಲ್ಲ. ಆತ ಕತಾರಿಗೆ ಬರಲು ಒಪ್ಪಲೇ ಇಲ್ಲ. ಸತ್ತಾಗ ಅವಳಿಗೆ ಅಳು ಬರಲಿಲ್ಲ, ಅದಕ್ಕೆ ಅವಳಿಗೆ ಇಂದಿಗೂ ಸ್ವಲ್ಪ ನಾಚಿಕೆಯಿತ್ತು.

ಹೊಸ ಮನೆಯಲ್ಲಿ ಊಟಕ್ಕೆ ಹಾಲಿನಲ್ಲೇ ಚಾಪೆ ಹಾಸುತ್ತಿದ್ದರು. ತಟ್ಟೆ ಇಡುವುದು ಒಂಬತ್ತು ವರ್ಷದ ಗ್ರೀಷ್ಮಾಳ ಕೆಲಸ. ಮೊದಲ ವಾರ ಎಲ್ಲ ಸರಿಯಾಗಿತ್ತು. ಎರಡನೆಯ ವಾರ ಅವಳು ಒಂದು ತಟ್ಟೆ ಹೆಚ್ಚು ಇಟ್ಟಳು, ಅದೂ ಚಾಪೆಯ ಮೇಲಲ್ಲ, ಗೋಡೆಯ ಹತ್ತಿರ.

"ಇದು ಯಾರಿಗೆ?" ಎಂದಳು ಅಮಿತಾ.

"ಅಲ್ಲಿ ಆಂಟಿ ಕೂತಿದ್ದಾರಲ್ಲ ಅಮ್ಮ."

"ಯಾವ ಆಂಟಿ?"

"ಫ್ರೈಡೇ ಆಂಟಿ. ಬಟ್ ಅವರು ಈಟ್ ಮಾಡುದಿಲ್ಲ. ಜಸ್ಟ್ ವೇಟಿಂಗ್."

"ಟಿವಿ ನೋಡಿ ನೋಡಿ ತಲೆ ಕೆಟ್ಟಿದೆ ನಿಂಗೆ," ಎಂದು ಅಮಿತಾ ತಟ್ಟೆಯನ್ನು ಎತ್ತಿ ಒಳಗಿಟ್ಟಳು. ಸ್ಟೀಲಿನ ತಟ್ಟೆ ತಣ್ಣಗೆ ಕೊರೆಯುತ್ತಿತ್ತು. ಏಸಿಯ ಗಾಳಿ ನೇರ ಅಲ್ಲಿಗೇ ಬೀಳುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಶಾಲೆಗೆ ಬೇಸಿಗೆ ರಜೆ. ಗ್ರೀಷ್ಮಾ ಇಡೀ ದಿನ ಮನೆಯಲ್ಲೇ. ಅವಳ ಇನ್ನೊಂದು ರೀತಿಯನ್ನು ಮೊದಲು ಗಮನಿಸಿದವಳು ದುಗ್ಗು. ಮಗು ಹಾಲನ್ನು ನೇರವಾಗಿ ದಾಟುತ್ತಿರಲಿಲ್ಲ. ಅಡುಗೆಮನೆಯಿಂದ ಮುಂಬಾಗಿಲಿಗೆ ಹೋಗಬೇಕಾದರೆ ಗೋಡೆಯ ಬದಿ ಹಿಡಿದು, ಫ್ರಾಕನ್ನು ಎರಡೂ ಕೈಯಲ್ಲಿ ಮೊಣಕಾಲಿಗೆ ಒತ್ತಿಕೊಂಡು, ಪಾದ ಅಡ್ಡ ಮಾಡಿ ಇಡುತ್ತ ಸುತ್ತು ಬಳಸಿ ಹೋಗುತ್ತಿದ್ದಳು. ಮದುವೆ ಮನೆಯಲ್ಲಿ ಜನ ಪಂಕ್ತಿಯಲ್ಲಿ ಊಟಕ್ಕೆ ಕೂತಿರುವಾಗ ಅವರ ನಡುವೆ ದಾಟುವವರು ಹಾಗೆ ಹೋಗುತ್ತಾರೆ.

"ಹಾಗೆ ಯಾಕೆ ಹೋಗುದು ಪುಟ್ಟಾ?"

"ಮತ್ತೆ ಅವರ ಕಾಲು ತುಳಿಯುದಾ ಅಜ್ಜಿ?" ಎಂದಳು ಗ್ರೀಷ್ಮಾ.

ಆ ಮಧ್ಯಾಹ್ನ ದುಗ್ಗು ಊಟ ಮಾಡಲಿಲ್ಲ. ಸಂಜೆ ಯಜ್ಞೇಶ್ ಬಂದು ಶೂ ಕಳಚುವ ಮೊದಲೇ ಜಗಳ ಶುರುವಾಯಿತು.

"ಈ ಮನೆ ಬೇಡ ಮಗಾ. ಇಲ್ಲಿ ಜನ ಉಂಟು."

"ಜನ ಇಲ್ಲ ಅತ್ತೆ, ನಿಮ್ಮ ತಲೆಯಲ್ಲಿ ಉಂಟು. ನೀವೇ ಮಗುವಿಗೆ ಹೇಳಿಕೊಟ್ಟದ್ದು."

"ನಾನು ಹೇಳಿಕೊಟ್ಟದ್ದಾ? ಅವಳ ನಡಿಗೆ ನೋಡು ನೀನು!"

"ಸರಿ, ಬಿಡುವಾ ಈ ಮನೆ," ಎಂದಳು ಅಮಿತಾ, ಸೌಟು ಹಿಡಿದುಕೊಂಡೇ. "ಬಿಟ್ಟು ಎಲ್ಲಿಗೆ? ಸುರತ್ಕಲ್ಲಿಗೆ. ನಾನು, ಗ್ರೀಷ್ಮಾ, ನೀವು, ಮೂರೂ ಜನ. ನಿಮ್ಮ ದೊಡ್ಡ ಸೊಸೆ ಆರತಿ ಎತ್ತಿ ಒಳಗೆ ಕರ್ಕೊಳ್ತಾಳೆ. ಇವರು ಯಾವುದಾದ್ರೂ ಕ್ಯಾಂಪಿನಲ್ಲಿ ಕುಬ್ಬೂಸ್ ರೊಟ್ಟಿ ತಿಂದುಕೊಂಡಿರ್ಲಿ. ಹೇಳಿ, ಟಿಕೆಟ್ ಮಾಡಿಸುದಾ?"

ದುಗ್ಗು ಬಾಯಿ ಮುಚ್ಚಿದಳು. ಅವಳಿಗೂ ಸುರತ್ಕಲ್ಲು ಬೇಡವಾಗಿತ್ತು. ಯಜ್ಞೇಶ್ ಒಂದು ಶೂ ಕಳಚಿ, ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ಸೋಫಾದಲ್ಲಿ ಕೂತುಬಿಟ್ಟ. ಹೆಂಡತಿಯೂ ಸರಿ, ತಾಯಿಯೂ ಸರಿ ಎನ್ನಿಸಿದಾಗ ಅವನು ಯಾವಾಗಲೂ ಮಾಡುವುದು ಅದನ್ನೇ.

ಮರುದಿನ ಅಮಿತಾ ತಾನೇ ಪೇಂಟ್ ತರಿಸಿ ಆ ಗೋಡೆಗೆ ಇನ್ನೊಂದು ಕೋಟ್ ಬಳಿದಳು. ಒಣಗುವವರೆಗೆ ಗೋಡೆ ಚೆಂದವಾಗಿತ್ತು. ಒಣಗಿದ ಮೇಲೆ ಉದ್ದದ ಗೆರೆ, ಅಡ್ಡದ ಗೆರೆ ಎರಡೂ ಮೊದಲಿಗಿಂತ ಸ್ಪಷ್ಟವಾದವು. ಗೆರೆಯ ಕೆಳಗೆ, ಆಳೆತ್ತರದಲ್ಲಿ, ಕೈ ಸವರಿ ಸವರಿ ನಯವಾದ ಜಾಗವೊಂದು ಬೇರೆ ಕಂಡಿತು. ಅಲ್ಲಿ ಬಣ್ಣವೇ ಹಿಡಿದಿರಲಿಲ್ಲ.

ಅದೇ ವಾರ ಮಾಲೀಕನ ಪರವಾಗಿ ಬಾಡಿಗೆ ನೋಡಿಕೊಳ್ಳುವ ಉಳ್ಳಾಲದ ಇಬ್ರಾಹಿಂ ಬಂದ. ಈಗಿರುವುದು ಬಾಯಿಮಾತಿನ ಒಪ್ಪಂದ, ವರ್ಷದ ಅಗ್ರಿಮೆಂಟ್ ಮಾಡಬೇಕು ಎಂದ.

"ಒಂದು ಮಲಯಾಳಿ ಫ್ಯಾಮಿಲಿ ಕಾಯ್ತಾ ಉಂಟು, ಯಜ್ಞೇಶಣ್ಣ. ನೀವು ಊರಿನವರು ಅಂತ ನಾನು ತಡೆದದ್ದು. ಬರುವ ತಿಂಗಳು ಎಂಟನೇ ತಾರೀಕು ಶುಕ್ರವಾರ ಸಂಜೆ ಬರ್ತೇನೆ. ಸಹಿ ಇಲ್ಲಾಂದ್ರೆ ಖಲಾಸ್, ಮತ್ತೆ ನನ್ನನ್ನು ಕೇಳ್ಬೇಡಿ."

ಇಬ್ರಾಹಿಂ ಹಾಲಿನೊಳಗೆ ಬರಲಿಲ್ಲ. ಬಾಗಿಲಲ್ಲೇ ನಿಂತು ಚಹಾ ಕುಡಿದ. ಕೂತುಕೊಳ್ಳಿ ಎಂದರೆ, "ಪರವಾಗಿಲ್ಲ, ಒಳಗೆ ಜನರ ಗೌಜಿ" ಎಂದ. ಹಾಗೆಂದವನು ತಾನೇ ಗೊಂದಲಗೊಂಡು, ಖಾಲಿ ಹಾಲನ್ನೊಮ್ಮೆ ನೋಡಿ, ಬೇಗ ಬೇಗ ಹೊರಟುಹೋದ.

ಆಟಿ ತಿಂಗಳು ಶುರುವಾಯಿತು. ಊರಿನಲ್ಲಿ ಜಡಿಮಳೆಯ ಕಾಲ. ಇಲ್ಲಿ ಹೊರಗಿನ ನಲ್ಲಿಯ ನೀರು ಕೈ ಸುಡುತ್ತಿತ್ತು. ಆಟಿಯಲ್ಲಿ ತೀರಿಕೊಂಡವರಿಗೆ ಬಡಿಸುವುದು ತುಳುವರ ಕ್ರಮ. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಕರೆದು, ಬಾಗಿಲು ಹಾಕಿಕೊಂಡು ಮನೆಯವರು ಹೊರಗೆ ನಿಲ್ಲಬೇಕು. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ಬಡಿದು, ತಾವು ಬರುತ್ತಿದ್ದೇವೆಂದು ತಿಳಿಸಿ, ಆಮೇಲೆಯೇ ಒಳಗೆ ಹೋಗಬೇಕು. ಸೀನಪ್ಪ ಹೋದ ಮೇಲೆ ಇದು ಮೊದಲ ಆಟಿ.

"ಬಡಿಸಲೇಬೇಕು," ಎಂದಳು ದುಗ್ಗು.

"ಬಡಿಸುವಾ. ಬೇಡ ಅಂತ ಹೇಳಿದ್ದು ಯಾರು?" ಎಂದಳು ಅಮಿತಾ. "ಆದ್ರೆ ಶೇಂದಿ ಸಿಗುದಿಲ್ಲ."

"ಶೇಂದಿ ಇಲ್ಲದೆ ಅವರು ಕೂತುಕೊಳ್ತಾರಾ?"

"ಪೆಪ್ಸಿ ಇಡುವಾ ಅಜ್ಜಿ," ಎಂದಳು ಗ್ರೀಷ್ಮಾ. ದುಗ್ಗುವಿಗೂ ನಗು ಬಂತು. ಆ ಮನೆಗೆ ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಕೇರಳದಿಂದ ವಿಮಾನದಲ್ಲಿ ಬರುವ ಬಾಳೆ ಎಲೆ ಗುರುವಾರ ಅಂಗಡಿಗೆ ಬಂತು. ಶುಕ್ರವಾರ ಮಧ್ಯಾಹ್ನ ಬಂಗುಡೆ ಪುಳಿಮುಂಚಿ, ಕೋಳಿ ಸುಕ್ಕ, ಪುಂಡಿ, ಅನ್ನ ಎಲ್ಲ ಆಯಿತು. ಬಿಸಿ ಪಾತ್ರೆ ಹಿಡಿದುಕೊಂಡು ಹಾಲಿಗೆ ಬಂದ ಅಮಿತಾ, "ಸ್ವಲ್ಪ ದಾರಿ ಬಿಡಿ, ಬಿಸಿ ಉಂಟು" ಎಂದಳು. ಎದುರಿಗೆ ಯಾರೂ ಇರಲಿಲ್ಲ. ದುಗ್ಗು, ಯಜ್ಞೇಶ್, ಗ್ರೀಷ್ಮಾ ಮೂವರೂ ಅವಳ ಹಿಂದೆ ಅಡುಗೆಮನೆಯಲ್ಲಿದ್ದರು. ಪಾತ್ರೆಯನ್ನು ನೆಲಕ್ಕಿಟ್ಟು ಅವಳು ಏನೂ ಆಗದವಳಂತೆ ಒಳಗೆ ಬಂದಳು. ಉಳಿದ ಪಾತ್ರೆಗಳನ್ನು ಮಾತ್ರ ಗಂಡನ ಕೈಯಲ್ಲಿ ಕಳಿಸಿದಳು.

ಮದುವೆಯಾದಂದಿನಿಂದ ಗಂಡನ ಹೆಸರು ಹೇಳದ ದುಗ್ಗು ಅಂದು ಹೆಸರು ಹಿಡಿದೇ ಕರೆದಳು. "ಸೀನಪ್ಪರೇ, ನಾವು ಇಲ್ಲಿದ್ದೇವೆ. ದೂರ ಆಯ್ತು, ಗೊತ್ತುಂಟು. ಬನ್ನಿ, ಊಟ ಮಾಡಿ." ಬಾಗಿಲು ಹಾಕಿ ನಾಲ್ವರೂ ಅಡುಗೆಮನೆಯಲ್ಲಿ ನಿಂತರು. ಹೊರಗೆ ಮಸೀದಿಯಿಂದ ಬರುತ್ತಿದ್ದ ಪ್ರವಚನ ನಿಂತಿತ್ತು. ಬಿಸಿಲಿಗೆ ಓಣಿಯಲ್ಲಿ ಒಂದು ಬೆಕ್ಕೂ ಇರಲಿಲ್ಲ. ಬಾಗಿಲಿನ ಆಚೆ ತುಂಬ ಜನ ಒಟ್ಟಿಗೆ ಎದ್ದು ನಿಂತರೆ ಬಟ್ಟೆಗಳು ಸರಿದಾಡುತ್ತವಲ್ಲ, ಅಂಥ ಸದ್ದಾಯಿತು. ಪರದೆ ಇರಬೇಕು ಎಂದು ಯಜ್ಞೇಶ್ ಅಂದುಕೊಂಡ. ಹಾಲಿಗೆ ಅವರು ಇನ್ನೂ ಪರದೆ ಹಾಕಿಸಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಬಾಗಿಲು ಬಡಿದು ಒಳಗೆ ಹೋದರು. ಎಲೆಯಲ್ಲಿ ಎಲ್ಲ ಹಾಗೆಯೇ ಇತ್ತು.

"ಹಾಗೆಯೇ ಇರುದಲ್ವಾ ಅತ್ತೆ? ಅವರು ಬಂದು ನಿಜವಾಗಿ ತಿಂತಾರಾ?" ಎಂದಳು ಅಮಿತಾ.

"ಅಜ್ಜ ಬಂದಿದ್ರು," ಎಂದಳು ಗ್ರೀಷ್ಮಾ, ಗೋಡೆಗೆ ಅಂಟಿಕೊಂಡು ನಿಂತು. "ಡೋರ್‌ವರೆಗೆ ಬಂದ್ರು. ಒಳಗೆ ಜಾಗ ಇರ್ಲಿಲ್ಲ. ತುಂಬಾ ಹೊತ್ತು ನಿಂತ್ರು, ಮತ್ತೆ ಹೋದ್ರು."

ಅಮಿತಾ ಮಗಳ ಬೆನ್ನಿಗೆ ಒಂದು ಕೊಟ್ಟಳು. ದುಗ್ಗು ನೆಲದ ಮೇಲೆ ಕೂತು, ತಲೆಗೆ ಸೆರಗು ಎಳೆದುಕೊಂಡು ಅತ್ತಳು. ಗಂಡ ಸತ್ತ ದಿನವೂ ಅವಳು ಅಷ್ಟು ಅತ್ತಿರಲಿಲ್ಲ. "ಬಿಸಿಲಿನಲ್ಲಿ ನಿಲ್ಲಿಸಿ ಕಳಿಸಿದೆವಲ್ಲ," ಎಂದು ಅದನ್ನೇ ಹೇಳಿದಳು. ಅಳು ನಿಂತ ಮೇಲೆ ಮಗನ ಕಡೆ ತಿರುಗಿ, "ಅವರಿಗೆ ಕೂತುಕೊಳ್ಳಲಿಕ್ಕೆ ಜಾಗ ಇಲ್ಲದ ಮನೆಗೆ ಸಹಿ ಹಾಕಬೇಡ. ಹಾಕಿದ್ರೆ ನಾನು ಸುರತ್ಕಲ್ಲಿಗೇ ಹೋಗ್ತೇನೆ," ಎಂದಳು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಅಮ್ಮನನ್ನು ಒಬ್ಬಳನ್ನೇ ಅಲ್ಲಿಗೆ ಕಳಿಸುವ ಧೈರ್ಯ ಯಜ್ಞೇಶನಿಗಿರಲಿಲ್ಲ.

ಅಂದು ಸಂಜೆ ಅಮಿತಾ ಗಂಡನನ್ನು ಅಡುಗೆಮನೆಗೆ ಕರೆದಳು. "ನಿಮ್ಮ ರೊನಾಲ್ಡರನ್ನು ಕರೀರಿ. ನಾಳೆಯೇ ಬರ್ಲಿ."

"ನೀನು ನಂಬ್ತೀಯಾ ಇದನ್ನೆಲ್ಲ?"

"ನಂಬುದಿಲ್ಲ. ಮನೆ ಬಿಡುದೂ ಇಲ್ಲ. ಕರೀರಿ ಅಂದ್ರೆ ಕರೀರಿ."

ರೊನಾಲ್ಡ್ ಬಂದರು. ಐವತ್ತು ದಾಟಿದ ದೊಡ್ಡ ಮೈಯ, ತಮಾಷೆಯ ಮನುಷ್ಯ. ಆದರೆ ಹಾಲಿಗೆ ಕಾಲಿಡುವಾಗ ಅಭ್ಯಾಸಬಲದಿಂದ ಚಪ್ಪಲಿ ಕಳಚಿ, ಹಣೆ ಮುಟ್ಟಿಕೊಂಡರು. ಸೋಫಾದಲ್ಲಿ ಕೂರದೆ ನೆಲದಲ್ಲೇ, ಹಿಂದಿನ ಗೋಡೆಗೆ ಒರಗಿ ಕೂತರು. ಇಲ್ಲಿ ತಮ್ಮ ಜಾಗ ಯಾವಾಗಲೂ ಅದೇ ಎಂದರು.

"ಪೊರ್ಬುಗಳೇ," ಎಂದಳು ದುಗ್ಗು, "ಹೋಗುವಾಗ ಇಲ್ಲಿಂದ ಎಂಥೆಲ್ಲ ತಕೊಂಡು ಹೋದಿರಿ?"

"ಎಲ್ಲ ತಕೊಂಡು ಹೋದೆವು ದುಗ್ಗಕ್ಕ. ಶಿಲುಬೆ, ಹಾರ್ಮೋನಿಯಂ, ಕುರ್ಚಿ, ಫ್ಯಾನು. ನಮ್ಮ ಜರ್ಟ್ರೂಡ್ ಬಾಯಿ ಕಾಲೊರೆಸುವ ಮ್ಯಾಟನ್ನೂ ಬಿಡ್ಲಿಲ್ಲ."

"ನಿಮ್ಮ ಸತ್ತವರನ್ನು ಇಲ್ಲಿ ನೆನೆಸ್ತಿದ್ದಿರಾ?"

"ನವೆಂಬರಿನಲ್ಲಿ ಹೆಸರು ಓದುದುಂಟು. ಇಲ್ಲಿ ಸತ್ತವರು, ಊರಿನಲ್ಲಿ ಸತ್ತು ನಮಗೆ ಹೋಗ್ಲಿಕ್ಕೆ ಆಗದವರು..." ರೊನಾಲ್ಡ್ ಚಹಾ ಕಪ್ ಕೆಳಗಿಟ್ಟರು. "ನನ್ನ ತಮ್ಮ ಝೇವಿಯರ್ ಇಲ್ಲೇ ಕಟ್ಟಡದ ಸೈಟಿನಲ್ಲಿ ಬಿದ್ದು ತೀರಿಹೋದದ್ದು. ಅವನ ಹೆಸರು ನಾನೇ ಓದುದು. ಈ ಗೋಡೆಯ ಹತ್ತಿರ ನಿಂತು."

"ವರ್ಷ ವರ್ಷ ಇಲ್ಲಿಗೆ ಕರೆದಿರಿ. ಬಂದು ಕೂತು ಅವರಿಗೆ ಅಭ್ಯಾಸ ಆಯ್ತು. ಹೋಗುವಾಗ ಬನ್ನಿ ಅಂತ ಹೇಳಿದಿರಾ?"

ರೊನಾಲ್ಡ್ ಕೆಳಗಿಟ್ಟ ಕಪ್ಪನ್ನು ಇನ್ನಷ್ಟು ಬದಿಗೆ ಸರಿಸಿದರು.

"ಮನೆ ಬದಲಿಸುವಾಗ ನಾವು ದೈವವನ್ನು ಹೇಳಿ ಕರ್ಕೊಂಡು ಹೋಗ್ತೇವೆ, ಹಿರಿಯರನ್ನು ಹೇಳಿ ಕರ್ಕೊಂಡು ಹೋಗ್ತೇವೆ. ನೀವು ಮ್ಯಾಟು ತಕೊಂಡು ಹೋದಿರಿ!"

"ನಮ್ಮಲ್ಲಿ ಹಾಗೆಲ್ಲ ಇಲ್ಲ ದುಗ್ಗಕ್ಕ. ಫಾದರಿಗೆ ಗೊತ್ತಾದ್ರೆ ಬೈತಾರೆ."

"ನಿಮ್ಮ ಅಜ್ಜಿಯ ಕಾಲದಲ್ಲೂ ಇರ್ಲಿಲ್ವಾ?"

ರೊನಾಲ್ಡ್ ಗೋಡೆಯ ಆ ನಯವಾದ ಜಾಗವನ್ನು ನೋಡಿದರು. ತಮ್ಮ ಅಜ್ಜಿ ಹೊಸ ಮನೆ ಸೇರುವ ದಿನ ಹಳೆಯ ಮನೆಯ ಹೊಸ್ತಿಲಲ್ಲಿ ನಿಂತು ಯಾರನ್ನೋ ಕರೆದದ್ದು ಅವರಿಗೆ ನೆನಪಾಯಿತು. ಅದನ್ನು ಅವರು ಬಾಯಿಬಿಟ್ಟು ಹೇಳಿದರು. "ಹೊಸ ಇಗರ್ಜಿಯಲ್ಲಿ ಎಲ್ಲ ಚೆಂದ ಉಂಟು. ಆದ್ರೆ ಮಾರ್ಚಿನಿಂದ ನನಗೆ ಅಲ್ಲಿ ಝೇವಿಯರ್ ಸಿಗುದಿಲ್ಲ ದುಗ್ಗಕ್ಕ. ನಾನು ನನ್ನ ಭಕ್ತಿಯೇ ಕಮ್ಮಿ ಆಯ್ತು ಅಂತ ತಿಳ್ಕೊಂಡಿದ್ದೆ."

ಎಂಟನೇ ತಾರೀಕು ಶುಕ್ರವಾರ ಬೆಳಿಗ್ಗೆ ರೊನಾಲ್ಡ್ ಅಬು ಹಮೂರಿಗೆ ಹೋಗುವ ದಾರಿಯಲ್ಲಿ ತಮ್ಮ ಕಾರಿನಲ್ಲಿ ಒಬ್ಬರೇ ಬಂದರು. ಇಸ್ತ್ರಿ ಮಾಡಿದ ಬಿಳಿ ಶರಟು. ಗೇಟಿನ ಬಳಿ ಇರುವ ಸಿಮೆಂಟಿನ ಉಬ್ಬನ್ನು ಕಾರು ಸಲೀಸಾಗಿ ದಾಟಿ ಒಳಗೆ ಬಂತು. ಯಜ್ಞೇಶ್ ಅದನ್ನು ಗಮನಿಸಲು ಕಾರಣವಿತ್ತು. ಮನೆಯವರೆಲ್ಲ ತುಂಬಿಕೊಂಡಾಗ ಅವನ ಕಾರಿನ ಹೊಟ್ಟೆ ಆ ಉಬ್ಬಿಗೆ ಉಜ್ಜುತ್ತಿತ್ತು.

ರೊನಾಲ್ಡ್ ಗೋಡೆಯ ಹತ್ತಿರ ನಿಂತು ಹೆಸರುಗಳನ್ನು ಹೇಳುತ್ತ ಹೋದರು, ಯಾವ ಕಾಗದವೂ ಇಲ್ಲದೆ. ಆಮೇಲೆ ಕೊಂಕಣಿಯಲ್ಲಿ, ಮನೆಯವರೊಡನೆ ಮಾತಾಡುವ ದನಿಯಲ್ಲಿ, ಜಾಗ ಬದಲಾಗಿದೆ, ಹೇಳದೆ ಹೋದದ್ದು ನಮ್ಮ ತಪ್ಪು, ಗಾಡಿ ತಂದಿದ್ದೇನೆ, ಬನ್ನಿ ಎಂದರು. ಹಾಲಿನಲ್ಲಿ ಆಗ ಮೇಣದ ವಾಸನೆ ಬಂತು. ಅದು ನಾಲ್ವರಿಗೂ ಬಂತು ಎಂಬುದರ ಬಗ್ಗೆ ಅವರು ಆಮೇಲೆ ಎಂದೂ ಮಾತಾಡಲಿಲ್ಲ.

ರೊನಾಲ್ಡ್ ಹಿಂದೆ ತಿರುಗಿ ನೋಡದೆ ಹೊರಗೆ ನಡೆದು, ಕಾರಿನ ಎಲ್ಲ ಬಾಗಿಲುಗಳನ್ನೂ ತೆರೆದು ಬಿಸಿಲಿನಲ್ಲಿ ನಿಂತರು. ವಯಸ್ಸಾದವರು ಹತ್ತಿ ಕೂರುವಷ್ಟು ಹೊತ್ತು ತಾಳ್ಮೆಯಿಂದ ಕಾದರು. ಒಂದೊಂದೇ ಬಾಗಿಲನ್ನು ಮೆಲ್ಲನೆ, ಯಾರದ್ದೂ ಬೆರಳು ಸಿಗದಂತೆ ಹಾಕಿದರು. ಕಾರು ಗೇಟಿನತ್ತ ನಿಧಾನಕ್ಕೆ ಹೋಯಿತು. ಸಿಮೆಂಟಿನ ಉಬ್ಬು ದಾಟುವಾಗ ಅದರ ಹೊಟ್ಟೆ ನೆಲಕ್ಕೆ ಉಜ್ಜಿ, ಕರಕರನೆ ಸದ್ದು ಮಾಡಿಕೊಂಡು ಓಣಿಗಿಳಿಯಿತು.

"ಒಬ್ಬರೇ ಅಲ್ವಾ ಇದ್ದದ್ದು?" ಎಂದ ಯಜ್ಞೇಶ್.

"ಒಳಗೆ ಬನ್ನಿ," ಎಂದಳು ಅಮಿತಾ. "ಮೀನು ಕ್ಲೀನ್ ಮಾಡ್ಲಿಕ್ಕುಂಟು."

ಮಧ್ಯಾಹ್ನ ಮತ್ತೆ ಎಲೆ ಹಾಕಿದರು. ಅದೇ ಪುಳಿಮುಂಚಿ, ಅದೇ ಕೋಳಿ ಸುಕ್ಕ, ಒಂದು ಲೋಟ ಪೆಪ್ಸಿ. ದುಗ್ಗು ಹೆಸರು ಹಿಡಿದು ಕರೆದಳು. ಬಾಗಿಲು ಹಾಕಿ ಅಡುಗೆಮನೆಯಲ್ಲಿ ನಿಂತರು. ಈ ಸಲ ಆಚೆಯಿಂದ ಯಾವ ಸದ್ದೂ ಬರಲಿಲ್ಲ. ಸಂಜೆ ಇಬ್ರಾಹಿಂ ಬರುವವನಿದ್ದ. ಅಮಿತಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. ತಾನು, ತನ್ನ ಮಗಳು, ತನ್ನ ಸಂಸಾರ ಇಲ್ಲೇ ಉಳಿಯುವುದು ಈ ಮುದುಕಿಯ ಒಂದು ಮಾತಿನ ಮೇಲೆ ನಿಂತಿದೆಯಲ್ಲ ಎಂದು ಅವಳಿಗೆ ಸಿಟ್ಟು ಬಂತು, ಭಯವೂ ಆಯಿತು.

ದುಗ್ಗು ಬಾಗಿಲು ಬಡಿದಳು. ತೆರೆದಳು. ಎಲೆಯಲ್ಲಿ ಎಲ್ಲ ಹಾಗೆಯೇ ಇತ್ತು. ದುಗ್ಗು ಎಲೆಯನ್ನು ನೋಡಲಿಲ್ಲ, ಮೊಮ್ಮಗಳನ್ನು ನೋಡಿದಳು.

ಗ್ರೀಷ್ಮಾ ಹೊಸ್ತಿಲಲ್ಲಿ ಒಂದು ಕ್ಷಣ ನಿಂತಳು. ಹಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಫ್ರಾಕನ್ನು ಬಿಟ್ಟು, ಕೈ ಬೀಸಿಕೊಂಡು, ನಟ್ಟ ನಡುವೆ ನೇರವಾಗಿ ನಡೆದುಹೋದಳು. ದುಗ್ಗು ಉಸಿರು ಬಿಟ್ಟು, "ಸಹಿ ಹಾಕು ಮಗಾ," ಎಂದಳು.

ಎಲೆಯ ಹತ್ತಿರ ಹೋದ ಗ್ರೀಷ್ಮಾ ಅಲ್ಲೇ ನಿಂತಳು. ಬಗ್ಗಿ, ಕಿವಿಗೊಟ್ಟು ಕೇಳಿದಳು. ಮತ್ತೆ ತಿರುಗಿ ನೋಡಿದಳು.

"ಅಮ್ಮಾ, ಅಜ್ಜ ಉಪ್ಪು ಕೇಳ್ತಿದ್ದಾರೆ."

ಅಮಿತಾ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದಳು. ಎಲೆಯ ಎದುರು ಮಂಡಿಯೂರಿ ಕೂತಳು. ಅವಳ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಮಾತ್ರ ಹತ್ತು ವರ್ಷದ ಸಿಟ್ಟು.

"ಒಮ್ಮೆ ರುಚಿ ನೋಡಿ ಮಾವ," ಎಂದಳು. "ಮತ್ತೆ ಕೇಳಿ."

ಅಷ್ಟು ಹೇಳಿ, ಡಬ್ಬಿಯ ಮುಚ್ಚಳ ತೆಗೆಯದೆ, ಕೈಯಲ್ಲೇ ಹಿಡಿದುಕೊಂಡು ಕಾದಳು.